ಇನ್ನು ಆರು ಗುಂಡಿ

ಮಾರ್ಚ್ ೪

ಗೊಣ್ಣೆಗೆ,

ನಲವತ್ತೆರಡು ವರ್ಷದವನನ್ನು ಇನ್ನೂ ಹೀಗೇ ಕರೆಯುತ್ತಾಳಲ್ಲ ಎಂದು ಮುಖ ಗಂಟಿಕ್ಕಬೇಡ. ನಿನ್ನ ಮೂಗು ಒರೆಸಿ ಒರೆಸಿ ನನ್ನ ಫ್ರಾಕಿನ ಅಂಚು ಗಟ್ಟಿಯಾಗುತ್ತಿತ್ತು. ಆ ಹಕ್ಕು ನನಗಿದೆ.

ಕಾಗದ ಯಾಕೆ ಅಂದರೆ, ಫೋನಿನಲ್ಲಿ ನಿನ್ನ ಜೊತೆ ಮಾತಾಡುವುದೂ ಗೋಡೆಯ ಜೊತೆ ಮಾತಾಡುವುದೂ ಒಂದೇ. ನಾನು ಹತ್ತು ಮಾತಾಡಿದರೆ ನಿನ್ನದು ಒಂದು ‘ಹೂಂ’. ಅದೂ ಪಕ್ಕದ ಇಸ್ತ್ರಿ ಅಂಗಡಿಯ ಫೋನು, ಅಂಗಡಿಯವಳು ಕಿವಿ ಇತ್ತಲೇ ಇಟ್ಟುಕೊಂಡಿರುತ್ತಾಳೆ. ಕಾಗದದಲ್ಲಾದರೆ ಬರೀ ‘ಹೂಂ’ ಬರೆದು ಕಳಿಸಲು ನಿನಗೂ ನಾಚಿಕೆಯಾದೀತು.

ಅಮ್ಮ ಹೋಗಿ ಇವತ್ತಿಗೆ ಆರು ವಾರ. ನೀನು ಬಂದವನು ಮೂರನೇ ದಿನ ಹೊರಟೆ. ಹೇಗೆ ಹೋದಳು ಎಂದು ಸರಿಯಾಗಿ ಕೇಳಲೂ ಇಲ್ಲ. ನಾನೇ ಹೇಳುತ್ತೇನೆ.

ಬೆಳಿಗ್ಗೆ ಹನ್ನೊಂದು ಗಂಟೆ ಇರಬೇಕು. ನಾನು ಹೊಲಿಗೆ ಮಿಷನ್ನಿನ ಮುಂದಿದ್ದೆ. ಅವಳು ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ಬಸ್ಸಿನ ಡ್ರೈವರುಗಳ ಅಂಗಿಗೆ ಗುಂಡಿ ಹಾಕುತ್ತಿದ್ದಳು. ‘ಯಾಕೋ ಸುಸ್ತು ಕಣೇ’ ಅಂದಳು. ಸ್ವಲ್ಪ ಹೊತ್ತಾದ ಮೇಲೆ ನಾನು ದಾರ ಕತ್ತರಿಸಿ ತಿರುಗಿ ನೋಡಿದರೆ ತಲೆ ವಾಲಿತ್ತು. ಸೂಜಿಯನ್ನು ಮಾತ್ರ ಜೋಪಾನವಾಗಿ ಬಟ್ಟೆಗೆ ಚುಚ್ಚಿಟ್ಟಿದ್ದಳು. ಎದೆ ಹಿಡಿದುಕೊಳ್ಳಲಿಲ್ಲ, ಅಯ್ಯೋ ಅನ್ನಲಿಲ್ಲ. ಇಪ್ಪತ್ತು ವರ್ಷ ಸಕ್ಕರೆ ಕಾಯಿಲೆ ಅನುಭವಿಸಿದವಳು ಕೊನೆಗೆ ನೋವಿಲ್ಲದೆ ಹೋದಳು. ಈ ಒಂದು ಮಾತನ್ನು ದಿನಕ್ಕೆ ಎಷ್ಟು ಸಲ ಹೇಳಿಕೊಳ್ಳುತ್ತೇನೋ ನನಗೇ ಗೊತ್ತಿಲ್ಲ. ಅದಿಲ್ಲದಿದ್ದರೆ ಆ ಕಿಟಕಿಯ ಕಡೆ ಬೆನ್ನು ಹಾಕಿ ಹೊಲಿಯಲು ನನ್ನಿಂದ ಆಗುತ್ತಿರಲಿಲ್ಲ.

ನನ್ನ ಸಕ್ಕರೆ ಹೇಗಿದೆ ಎಂದು ಕೇಳಬೇಡ. ಮಾತ್ರೆ ನುಂಗುತ್ತೇನೆ, ಎಂಟು ವರ್ಷದಿಂದ. ಅಮ್ಮನ ಆಸ್ತಿ ಅಂತ ನನಗೆ ಬಂದದ್ದು ಅದೊಂದೇ. ನಿನಗೆ ಅದೂ ಸಿಗಲಿಲ್ಲ.

ಇಷ್ಟು ವರ್ಷವಾಯಿತು, ಆ ಪ್ರಯೋಗಾಲಯದಲ್ಲಿ ನೀನು ಏನು ಕೆಲಸ ಮಾಡುತ್ತೀಯ ಅಂತಲೇ ನನಗೆ ಸರಿಯಾಗಿ ಗೊತ್ತಿಲ್ಲ. ಯಾರಾದರೂ ಕೇಳಿದರೆ ‘ಇಲಿ ಕೊಯ್ತಾನೆ’ ಅಂತೀನಿ. ಸರಿಯಾಗಿ ಬರೆ.

ಅಕ್ಕ

ಮಾರ್ಚ್ ೧೯

ಅಕ್ಕಾ,

ನೀನು ಹೇಳುವುದೇ ಸರಿ, ಇಲಿ ಕೊಯ್ಯುತ್ತೇನೆ.

ಇನ್ನೂ ಸ್ವಲ್ಪ ಹೇಳಬೇಕೆಂದರೆ, ಇಲಿಯ ಹೃದಯ ಒಂದು ದ್ರಾಕ್ಷಿ ಹಣ್ಣಿನಷ್ಟಿರುತ್ತದೆ. ಅದನ್ನು ಮೇಣದಲ್ಲಿ ಹುದುಗಿಸುತ್ತೇವೆ. ಮೇಣ ಗಟ್ಟಿಯಾದ ಮೇಲೆ ಅದನ್ನು ಪದರ ಪದರವಾಗಿ ಕತ್ತರಿಸುವುದು ನನ್ನ ಕೆಲಸ. ಒಂದು ಕೂದಲನ್ನು ಉದ್ದಕ್ಕೆ ಹತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ತೆಳುವೋ, ಪದರ ಅಷ್ಟು ತೆಳು. ಉಸಿರು ಬಿಟ್ಟರೆ ಹಾರಿಹೋಗುತ್ತದೆ. ಬೆಚ್ಚಗಿನ ನೀರಿನ ಮೇಲೆ ತೇಲಿಸಿ ಗಾಜಿನ ಮೇಲೆ ಎತ್ತಿಕೊಳ್ಳುತ್ತೇನೆ. ಆಮೇಲೆ ಬಣ್ಣ. ಹೃದಯದ ಸ್ನಾಯು ಕೆಂಪಾಗುತ್ತದೆ. ಸ್ನಾಯುವಿನ ಜಾಗದಲ್ಲಿ ಕಲೆಯ ಹಾಗೆ ಬೆಳೆದ ನಾರು ನೀಲಿಯಾಗುತ್ತದೆ. ಆರೋಗ್ಯದ ಇಲಿಯಲ್ಲಿ ಎಲ್ಲಾ ಕೆಂಪು. ನಮ್ಮವು ಸಕ್ಕರೆ ಕಾಯಿಲೆಯ ಇಲಿಗಳು. ಅವುಗಳಲ್ಲಿ ಕೆಂಪಿನ ನಡುವೆ ನೀಲಿ ಹರಿದಿರುತ್ತದೆ.

ನಮ್ಮ ಮೇಡಂ ಇದಕ್ಕೆಲ್ಲ ಉದ್ದುದ್ದ ಹೆಸರು ಹೇಳುತ್ತಾರೆ. ನನ್ನ ಓದು ಅಲ್ಲಿಯವರೆಗೆ ಹೋಗಿಲ್ಲ. ನನಗೆ ಅರ್ಥವಾಗಿದ್ದು ಇಷ್ಟು: ಸಕ್ಕರೆ ರಕ್ತದಲ್ಲಿ ವರ್ಷಗಟ್ಟಲೆ ಹೆಚ್ಚಾಗಿ ನಿಂತರೆ ಹೃದಯದ ಎಳೆಗಳಿಗೆ ಅಂಟಿಕೊಳ್ಳುತ್ತದೆ. ಪಕ್ಕಪಕ್ಕದ ಎರಡು ಎಳೆಗಳಿಗೆ ಯಾರೋ ಬೇಡದ ಕಡೆ ಟಾಕಾ ಹಾಕಿದ ಹಾಗೆ. ಆಮೇಲೆ ಅವು ಒಂದರ ಮೇಲೊಂದು ಜಾರುವುದಿಲ್ಲ. ನೀನು ಕಾಲರಿಗೆ ಗಟ್ಟಿ ಬಟ್ಟೆ ಇಟ್ಟು ಹೊಲಿಯುತ್ತೀಯಲ್ಲ, ಹೃದಯ ಹಾಗಾಗುತ್ತದೆ. ಕಾಲರಿಗಾದರೆ ಅದು ಚೆಂದ.

ಅಮ್ಮನ ವಿಷಯ ಓದಿದೆ.

ಇಲ್ಲಿ ಎರಡು ಸಾಲು ಹೊಡೆದುಹಾಕಿದ್ದೇನೆ. ಬೇಡದ ಮಾತು, ಕ್ಷಮಿಸು.

ನೋವಿಲ್ಲದೆ ಹೋದಳು ಅಂದೆಯಲ್ಲ. ಅಷ್ಟು ಸಾಕು.

ತಮ್ಮ

ಮೇ ೨

ಗೊಣ್ಣೆಗೆ,

ನೀನು ಹೊಡೆದುಹಾಕಿದ ಸಾಲುಗಳನ್ನು ಕಿಟಕಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಹೊಡೆದುಹಾಕುವುದರಲ್ಲಿ ಮಾತ್ರ ನೀನು ಮೊದಲಿನಿಂದಲೂ ಅಚ್ಚುಕಟ್ಟು. ಅಮ್ಮನನ್ನು ಬೈದು ಬರೆದಿದ್ದೆಯೋ, ನನ್ನನ್ನೋ?

ಕಾಗದ ತಡವಾಯಿತು. ಶಾಲೆಯ ಸಮವಸ್ತ್ರದ ಕೆಲಸ ಬಂದಿದೆ, ಇನ್ನೂರ ಹತ್ತು ಜೊತೆ. ಗುಂಡಿಯನ್ನೂ ನಾನೇ ಹಾಕಬೇಕು ಈಗ. ಬೇಗ ಸುಸ್ತಾಗುತ್ತದೆ. ಅಂಗಡಿಯಿಂದ ಮೇಲಿನ ಕೋಣೆಗೆ ಹದಿನಾಲ್ಕು ಮೆಟ್ಟಿಲು. ಏಳನೆಯದು ಈಗ ನನ್ನ ಸಿಂಹಾಸನ. ಅಲ್ಲಿ ಕೂತು ರಸ್ತೆ ನೋಡಿ, ಆಮೇಲೆ ಉಳಿದ ಏಳು.

ಒಂದು ನಗೆ ಮಾತು ಕೇಳು. ನಾನು ದಪ್ಪ ಆಗುತ್ತಿದ್ದೇನೆ! ಅಮ್ಮ ಹೋದ ಮೇಲೆ ಊಟ ಸೇರುತ್ತಿಲ್ಲ, ಆದರೂ ಸೊಂಟದ ಹತ್ತಿರ ಎರಡು ಬೆರಳು ಬಿಚ್ಚಿ ಹೊಲಿದುಕೊಂಡೆ. ಪಕ್ಕದ ಅಂಗಡಿಯ ಇಸ್ತ್ರಿಯವಳು ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಅಕ್ಕಾ, ಯಾವ ಅಂಗಡಿ ಬೆಣ್ಣೆ ತಿಂತಿದ್ದೀರಾ? ನಂಗೂ ಹೇಳಿ, ನನ್ನ ಗಂಡನಿಗೆ ತಿನ್ನಿಸ್ತೀನಿ. ಜೋರಾಗಿ ಫ್ಯಾನ್ ಹಾಕಿದ್ರೆ ಹಾರಿಹೋಗ್ತಾನೆ’ ಅಂದಳು. ‘ಕೊರಳಿಗೆ ಇಸ್ತ್ರಿಪೆಟ್ಟಿಗೆ ಕಟ್ಟು’ ಅಂದೆ.

ನಿನ್ನೆ ಸಂಜೆ ಕಾಲು ತೊಳೆಯುವಾಗ ಅಂಗಾಲಿನಲ್ಲಿ ಒಂದು ಸೂಜಿ ಸಿಕ್ಕಿತು. ಬೆಳಿಗ್ಗೆಯಿಂದ ಅಲ್ಲೇ ಇತ್ತೋ ಏನೋ, ಗೊತ್ತೇ ಆಗಿಲ್ಲ. ಮೂವತ್ತು ವರ್ಷ ಮಿಷನ್ ತುಳಿದ ಕಾಲು, ಬೂಟಿನ ಚರ್ಮ ಆಗಿದೆ.

ನೀನು ಊಟ ಬಿಡಬೇಡ.

ಅಕ್ಕ

ಮೇ ೨೦

ಅಕ್ಕಾ,

ಮೈಕೈ ತುಂಬಿಕೊಂಡಿದ್ದೀಯ ಎಂದು ಓದಿ ಸಂತೋಷವಾಯಿತು. ಅಮ್ಮ ಹೋದಾಗ ನೀನು ಕಡ್ಡಿಯ ಹಾಗಿದ್ದೆ, ನನಗೆ ಅದೇ ಚಿಂತೆಯಾಗಿತ್ತು. ಕೆಲಸ ಕಡಿಮೆ ಮಾಡು, ಸುಸ್ತು ಅದರದ್ದೇ. ಗುಂಡಿಗೆ ಯಾರನ್ನಾದರೂ ಇಟ್ಟುಕೋ.

ಇಲ್ಲಿ ಔಷಧಿಯ ಪರೀಕ್ಷೆ ಮುಗಿಯಿತು. ನಾನು ಒಂಬೈನೂರು ಗಾಜು ತಯಾರು ಮಾಡಿದೆ. ಮೇಡಂ ಒಂದೊಂದನ್ನೂ ನೋಡಿದರು. ಈ ಔಷಧಿಯಿಂದ ಸಕ್ಕರೆ ಇಳಿದಿದೆ, ಆದರೆ ಹೃದಯದ ನೀಲಿ ಹಾಗೇ ಇದೆ. ‘ಇಲಿ ಮೇಲೆ ಸಾವಿರ ಔಷಧಿ ಕೆಲಸ ಮಾಡುತ್ತೆ ರೀ, ಇದು ಇಲಿ ಮೇಲೂ ಮಾಡಲ್ಲ’ ಎಂದು ಅವರು ನಕ್ಕರು. ಆಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು. ಇದು ಅವರ ಎಂಟನೇ ವರ್ಷ.

ನಾನು ಅವರನ್ನು ಕೇಳಿದೆ, ಯಾಕೆ ಹೀಗಾಗುತ್ತದೆ ಎಂದು. ಇಷ್ಟು ವರ್ಷದಲ್ಲಿ ಮೊದಲ ಸಲ ಕೇಳಿದೆ. ಹೃದಯದ ಒಂದೊಂದು ಕಣದಲ್ಲೂ ಸಣ್ಣ ಸಣ್ಣ ಒಲೆಗಳಿವೆಯಂತೆ. ಸಕ್ಕರೆ ಬಾಗಿಲ ಹೊರಗೆ ರಾಶಿ ಬಿದ್ದಿದ್ದರೂ ಒಳಗೆ ಬರಲು ದಾರಿಯಿಲ್ಲ, ಹಾಗಾಗಿ ಒಲೆಗೆ ಬರೀ ಕೊಬ್ಬು ಹಾಕಿ ಉರಿಸುತ್ತದೆ. ಅಳತೆ ಮೀರಿ ಹಾಕಿದಾಗ ಒಲೆ ಕಿಡಿ ಹಾರಿಸುತ್ತದೆ, ಆ ಕಿಡಿ ಒಲೆಯನ್ನೇ ಸುಡುತ್ತದೆ. ಇನ್ನೊಂದು, ಸ್ನಾಯು ಬಿಗಿಯಬೇಕಾದರೆ ಸುಣ್ಣದ ಅಂಶ ಚೂರು ಹೊರಬರಬೇಕು, ಸಡಿಲಾಗಬೇಕಾದರೆ ಅದನ್ನು ಮತ್ತೆ ಒಳಗೆ ಎಳೆದು ಇಟ್ಟುಕೊಳ್ಳಬೇಕು. ಎಳೆಯುವ ಪಂಪು ನಿಧಾನವಾಗುತ್ತದೆ. ಹೃದಯಕ್ಕೆ ಮುಷ್ಟಿ ಹಿಡಿಯಲು ಬರುತ್ತದೆ, ಬಿಡಲು ಬರುವುದಿಲ್ಲ. ಬಿಡದಿದ್ದರೆ ತುಂಬಿಕೊಳ್ಳುವುದೆಲ್ಲಿಂದ?

‘ಮೊದಲೇ ತಡೆದ್ರೆ ತಡೆದ ಹಾಗೆ. ನೀಲಿ ಬಂದ ಮೇಲೆ ಅದು ಮತ್ತೆ ಕೆಂಪಾಗಲ್ಲ’ ಅಂದರು.

ಇದನ್ನೆಲ್ಲ ನಿನಗೇಕೆ ಬರೆಯುತ್ತಿದ್ದೇನೋ. ಇಲ್ಲಿ ಬೇರೆ ಯಾರೂ ಕೇಳುವುದಿಲ್ಲ. ಸಕ್ಕರೆ ಒಮ್ಮೆ ತೋರಿಸಿಕೊಂಡು ಬಾ.

ತಮ್ಮ

ಜುಲೈ ೩೦

ಗೊಣ್ಣೆಗೆ,

ತೋರಿಸಿಕೊಂಡು ಬಂದೆ, ಇನ್ನು ನಿನ್ನ ವರಾತ ನಿಲ್ಲಿಸು. ಸಕ್ಕರೆ ನೂರ ಮೂವತ್ತು. ಡಾಕ್ಟರು ‘ತುಂಬಾ ಚೆನ್ನಾಗಿದೆ, ಹೀಗೇ ಇರಲಿ’ ಅಂದರು. ಬೇರೆ ಏನು ಕೇಳಲಿ? ನನ್ನ ಹಿಂದೆ ಹದಿನೆಂಟು ಜನ ಇದ್ದರು.

ಚಪ್ಪಲಿ ಬಿಗಿ. ಸಂಜೆ ಬಿಚ್ಚಿದರೆ ಪಟ್ಟಿಯ ಅಚ್ಚು ಕಾಲ ಮೇಲೆ ಹಾಗೇ ಉಳಿದಿರುತ್ತದೆ, ಸೀಮೆಸುಣ್ಣದಲ್ಲಿ ಗೆರೆ ಎಳೆದ ಹಾಗೆ. ಒಂದು ನಂಬರು ದೊಡ್ಡದು ಕೊಂಡೆ. ಚಪ್ಪಟೆ ಮಲಗಿದರೆ ಕೆಮ್ಮು ಬರುತ್ತದೆ, ಅಮ್ಮನ ದಿಂಬನ್ನೂ ಸೇರಿಸಿಕೊಂಡು ಎರಡರ ಮೇಲೆ ಮಲಗುತ್ತೇನೆ. ಅವಳ ತಲೆಯೆಣ್ಣೆಯ ವಾಸನೆ ಇನ್ನೂ ಇದೆ. ಕೆಮ್ಮಿನ ನೆಪದಲ್ಲಿ ಅದೊಂದು ಸಿಕ್ಕಿತು.

ದಪ್ಪ ಆಗುವುದೂ ಒಂದು ತಮಾಷೆ. ಮೂವತ್ತು ವರ್ಷದಿಂದ ಜನರ ಮೈ ಅಳೆದಿದ್ದೇನೆ, ಹೀಗೆ ದಪ್ಪ ಆದವರನ್ನು ನೋಡಿಲ್ಲ. ಸೊಂಟ, ಕಾಲು ಬೆಳೆಯುತ್ತಿವೆ, ತೋಳು ಸಣ್ಣಗಾಗುತ್ತಿದೆ. ರವಿಕೆಯ ತೋಳು ಹಿಡಿಸಿದೆ, ಸೊಂಟ ಬಿಚ್ಚಿದೆ. ಒಂದೇ ಮೈಗೆ ಎರಡು ಗಿರಾಕಿ.

ನೋವೇನೂ ಇಲ್ಲ. ಎದೆ ಕೈಯಲ್ಲಿ ಮುಟ್ಟಿ ನೋಡಿಕೊಂಡಿದ್ದೇನೆ, ಒಂದು ಚೂರೂ ಇಲ್ಲ. ಅಮ್ಮನ ಹಾಗೆ ಗಟ್ಟಿ ಜೀವ ನಂದು.

ಅಕ್ಕ

ಆಗಸ್ಟ್ ೭

ಅಕ್ಕಾ,

ಕಾಗದ ಇವತ್ತು ಬಂತು. ಓದಿದ ತಕ್ಷಣ ಇಸ್ತ್ರಿ ಅಂಗಡಿಗೆ ಫೋನು ಮಾಡಿದೆ. ನೀನು ಬಂದು ‘ಏನೋ?’ ಅಂದೆ. ನಾನು ‘ಹುಷಾರಾ?’ ಅಂದೆ. ನೀನು ‘ಹುಷಾರು, ಬಾಬಿನ್ ಸಿಕ್ಕಿಹಾಕಿಕೊಂಡಿದೆ, ಇಡ್ತೀನಿ’ ಅಂದೆ. ನಾನು ‘ಹೂಂ’ ಅಂದೆ. ಅದಕ್ಕೆ ಬರೆಯುತ್ತಿದ್ದೇನೆ. ಸಿಟ್ಟು ಮಾಡಿಕೊಂಡರೂ ಪೂರ್ತಿ ಓದು.

ನೀನು ದಪ್ಪ ಆಗಿಲ್ಲ. ಅದು ನೀರು. ಹೃದಯ ಸಡಿಲಾಗದಿದ್ದರೆ ಅದರೊಳಗೆ ಹೋಗಬೇಕಾದ ರಕ್ತ ಹಿಂದೆ ನಿಲ್ಲುತ್ತದೆ. ಕಾಲಲ್ಲಿ ನೀರಿಳಿಯುತ್ತದೆ, ಮಲಗಿದಾಗ ಎದೆಗೆ ಬಂದು ಕೆಮ್ಮಿಸುತ್ತದೆ. ಮೊಣಕಾಲ ಕೆಳಗೆ ಮುಂಭಾಗದ ಮೂಳೆಯ ಮೇಲೆ ಹೆಬ್ಬೆರಳಿಂದ ಒತ್ತಿ ಹಿಡಿದು ಬಿಡು. ಕುಳಿ ಬಿದ್ದು ಉಳಿದರೆ ಆ ದಿನವೇ ದೊಡ್ಡ ಆಸ್ಪತ್ರೆಗೆ ಹೋಗು. ಸಕ್ಕರೆ ನೂರ ಮೂವತ್ತು ಎಂದು ನಂಬಬೇಡ. ಅದು ಇವತ್ತಿನ ಸಕ್ಕರೆ. ಹೃದಯಕ್ಕೆ ಅಂಟಿರುವುದು ಎಂಟು ವರ್ಷದ್ದು. ಮೇ ತಿಂಗಳಲ್ಲೇ ನನಗೆ ತಿಳಿಯಬೇಕಿತ್ತು. ದಿನವೂ ಅದನ್ನೇ ನೋಡುವವನು, ನಿನಗೆ ‘ಸಂತೋಷವಾಯಿತು’ ಎಂದು ಬರೆದೆ.

ನೋವಿಲ್ಲ ಅಂತೀಯ. ಮಾರ್ಚಿನಲ್ಲಿ ಹೊಡೆದುಹಾಕಿದ ಎರಡು ಸಾಲು ಈಗ ಬರೆಯುತ್ತೇನೆ. ಸಕ್ಕರೆ ನರಗಳನ್ನೂ ತಿನ್ನುತ್ತದೆ. ನಿನ್ನ ಅಂಗಾಲಿಗೆ ಸೂಜಿ ಹೇಗೆ ಗೊತ್ತಾಗಲಿಲ್ಲವೋ, ಹಾಗೇ ಹೃದಯ ಕೂಗಿಕೊಂಡರೂ ಗೊತ್ತಾಗುವುದಿಲ್ಲ. ಕೂಗು ಇರುತ್ತದೆ, ತಂತಿ ಇರುವುದಿಲ್ಲ. ಅಮ್ಮನಿಗೆ ಆಗಿದ್ದೂ ಅದೇ ಇರಬೇಕು. ಅವಳ ‘ಸುಸ್ತು ಕಣೇ’ ಬರೀ ಸುಸ್ತಲ್ಲ ಅಕ್ಕಾ. ಅವಳಿಗಿದ್ದ ಕೂಗು ಅದೊಂದೇ.

ಹೋಗು. ಇವತ್ತೇ ಹೋಗು.

ತಮ್ಮ

ಸೆಪ್ಟೆಂಬರ್ ೨೫

ತಮ್ಮನಿಗೆ,

ಆರು ವಾರ ನಿನಗೆ ಬರೆಯಲಿಲ್ಲ. ಬರೆಯಲು ಮನಸ್ಸಿರಲಿಲ್ಲ.

ನಾನೂ ಒಂದು ಮಾತು ಬಿಟ್ಟು ಬರೆದಿದ್ದೆ. ಅಮ್ಮ ‘ಸುಸ್ತು ಕಣೇ’ ಅಂದಾಗ ನಾನು ತಲೆ ಎತ್ತದೆ, ‘ಇನ್ನು ಆರು ಗುಂಡಿ ಇದೆ, ಮುಗಿಸಿಬಿಡಮ್ಮ, ಆಮೇಲೆ ಮಲಕ್ಕೊಳ್ಳುವಂತೆ’ ಅಂದೆ. ಅವಳು ‘ಸರಿ’ ಅಂದಳು. ಎರಡು ಹಾಕಿದಳು. ನಾಲ್ಕು ಉಳಿದವು. ನೋವಿರಲಿಲ್ಲ, ಬರೀ ಸುಸ್ತು ಎಂದು ಆ ನಾಲ್ಕು ಗುಂಡಿಯನ್ನು ನಾನು ಹೇಗೋ ನುಂಗಿಕೊಂಡಿದ್ದೆ. ನೀನು ಅದನ್ನು ಬಾಯಿಂದ ತೆಗೆಸಿದೆ.

ಮಾರ್ಚಿನಲ್ಲೇ ಗೊತ್ತಿತ್ತು ಅಂದೆಯಲ್ಲ. ಆಗಲೇ ಹೇಳಿದ್ದರೆ ಆಗಲೇ ಅತ್ತು ಮುಗಿಸುತ್ತಿದ್ದೆ. ಇಲ್ಲವೇ ಹೇಳಲೇಬಾರದಿತ್ತು.

ಒತ್ತಿ ನೋಡಿದೆ. ಏನೂ ಇಲ್ಲ. ಚೆನ್ನಾಗಿದ್ದೇನೆ.

ಅಕ್ಕ

ಅಕ್ಟೋಬರ್ ೩

ಅಕ್ಕಾ,

ಏನೂ ಇಲ್ಲ ಎಂದು ಓದಿ ಹೋದ ಜೀವ ಬಂತು. ನನ್ನದು ಅತಿಯಾಯಿತು. ದಿನವಿಡೀ ಕೆಟ್ಟ ಹೃದಯಗಳನ್ನೇ ನೋಡುವವನಿಗೆ ಎಲ್ಲರ ಮೈಯಲ್ಲೂ ಅದೇ ಕಾಣುತ್ತದೆ.

ಅಮ್ಮನ ವಿಷಯ ಬರೆದದ್ದಕ್ಕೆ ಕ್ಷಮಿಸು. ಆ ಕಾಗದ ಹರಿದುಹಾಕು. ಗುಂಡಿಯ ಮಾತನ್ನೂ ಮನಸ್ಸಿಗೆ ಹಚ್ಚಿಕೊಳ್ಳಬೇಡ. ನೀನು ಮಲಗು ಎಂದಿದ್ದರೂ ಅವಳು ಉಳಿಯುತ್ತಿರಲಿಲ್ಲ. ಮತ್ತೆ ಈ ಮಾತು ಎತ್ತುವುದಿಲ್ಲ, ಆಣೆ. ಆಸ್ಪತ್ರೆಯ ಮಾತನ್ನೂ ಎತ್ತುವುದಿಲ್ಲ. ನೀನು ಮತ್ತೆ ಬರೆಯದೆ ಇದ್ದುಬಿಟ್ಟರೆ ನನಗೆ ಕಾಗದ ಬರೆಯುವವರು ಬೇರೆ ಯಾರಿದ್ದಾರೆ? ನಿನ್ನ ಕಾಗದದಲ್ಲಿ ಗೊಣ್ಣೆ ಎಂದು ಇರಲಿಲ್ಲ. ಅದನ್ನೂ ನೋಡಿದೆ.

ಹೊಸ ಇಲಿಗಳು ಬಂದಿವೆ, ಇನ್ನೊಂದು ಔಷಧಿ. ನವೆಂಬರ್ ಕೊನೆಗೆ ಒಂದು ವಾರ ರಜೆ ಕೇಳಿದ್ದೇನೆ. ಬರುತ್ತೇನೆ.

ತಮ್ಮ

ಅಕ್ಟೋಬರ್ ೨೯

ಗೊಣ್ಣೆಗೆ,

ಸಿಟ್ಟು ಇಳಿಯಿತು. ನಿನ್ನ ಮೇಲೆ ಎಷ್ಟು ದಿನ ಅಂತ ಸಿಟ್ಟು ಹೊರಲಿ, ಅದಕ್ಕೂ ತ್ರಾಣ ಬೇಕು.

ನಿನಗೊಂದು ಅಂಗಿ ಹೊಲಿಯುತ್ತಿದ್ದೇನೆ. ತಿಳಿ ಬೂದು ಬಣ್ಣ. ನೀಲಿ ಬಟ್ಟೆಯೂ ಇತ್ತು, ಚೆನ್ನಾಗಿತ್ತು, ನೀನು ನೋಡಿ ನೋಡಿ ಸಾಕಾಗಿರುತ್ತೀಯ ಎಂದು ಬಿಟ್ಟೆ. ಅಳತೆ ಕೇಳೋಣ ಅಂದುಕೊಂಡೆ, ಬೇಡ ಅನ್ನಿಸಿತು. ನಿನ್ನ ಭುಜ ನನ್ನ ಕೈಗೆ ಗೊತ್ತು.

ಈ ಕಾಗದ ಬರೆಯಲು ಮೂರು ದಿನ ಹಿಡಿಯಿತು, ಅದಕ್ಕೇ ಅಕ್ಷರ ಮೂರು ಥರ ಇದೆ. ಮಿಷನ್ ಎದುರು ಬಿಸಿಲು ಬರುವ ಹೊತ್ತಿಗೆ ನಿದ್ದೆ ಬಂದುಬಿಡುತ್ತದೆ. ಈಗ ಅಮ್ಮನ ಕುರ್ಚಿಯಲ್ಲಿ ಕೂರುತ್ತೇನೆ, ಕೈ ಆನಿಸಿಕೊಳ್ಳಲು ಜಾಗ ಇದೆ.

ಬೇಗ ಬರುವುದಾದರೆ ಬಾ. ಅವಸರವೇನಿಲ್ಲ.

ಅಂಗಿ ಆಗಿದೆ, ಕಾಜಾ ಹೊಲಿದಾಯಿತು. ಇನ್ನು ಆರು ಗುಂಡಿ ಇದೆ.

ಅಕ್ಕ

ನವೆಂಬರ್ ೧೬

ಅಕ್ಕಾ,

ನಿನ್ನ ಅಂಗಡಿಯಲ್ಲಿ ಕೂತು ಬರೆಯುತ್ತಿದ್ದೇನೆ. ನೀನು ಹೋಗಿ ಐದು ದಿನವಾಯಿತು. ರಜೆಗೆ ಇನ್ನೂ ಎರಡು ವಾರ ಇತ್ತು.

ಗಿರಾಕಿಗಳ ಬಟ್ಟೆ ಹಿಂದಿರುಗಿಸಲು ನಿನ್ನ ಅಳತೆ ಪುಸ್ತಕ ತೆಗೆದೆ. ಡ್ರೈವರುಗಳು, ಶಾಲೆಯ ಟೀಚರು, ಬ್ಯಾಂಕಿನವರು. ಕೊನೆಯ ಹಾಳೆಯಲ್ಲಿ ಹೆಸರಿನ ಜಾಗದಲ್ಲಿ ‘ನಾನು’ ಎಂದಿದೆ. ಮೇ ತಿಂಗಳಿಂದ ವಾರಕ್ಕೊಂದು ಸಲ. ಸೊಂಟ, ತೋಳು, ಕಣಕಾಲು. ಕಣಕಾಲು ಎಂಟೂವರೆ, ಒಂಬತ್ತು, ಒಂಬತ್ತೂಮುಕ್ಕಾಲು, ಹನ್ನೊಂದು. ನಮ್ಮ ಪ್ರಯೋಗಾಲಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಯಾರೂ ಬರೆಯುವುದಿಲ್ಲ. ಆಗಸ್ಟ್ ೧೨ರ ಮುಂದೆ ನೀನು ಬರೆದಿದ್ದೀಯ: ‘ಒತ್ತಿದೆ. ಕುಳಿ. ನಲವತ್ತು ಎಣಿಸಿದೆ, ತುಂಬಲಿಲ್ಲ.’ ಅದರ ಕೆಳಗೆ ಎರಡು ವಾರ ಖಾಲಿ.

ಆ ಖಾಲಿಯನ್ನು ಇಸ್ತ್ರಿಯವಳು ತುಂಬಿದಳು. ‘ಹನ್ನೊಂದು ದಿನ ದೊಡ್ಡಾಸ್ಪತ್ರೆಲಿದ್ರು ಅಣ್ಣಾ. ನಿಮ್ಮ ಕಾಗದ ಬಂದ ದಿನಾನೇ ನಾನೇ ಕರ್ಕೊಂಡು ಹೋದೆ. ಹೃದಯ ಗಟ್ಟಿಯಾಗಿದೆ ಅಂದ್ರು. ನೀರು ಹೋಗೋ ಮಾತ್ರೆ ಕೊಟ್ರು. ನಿಮಗೆ ಫೋನ್ ಮಾಡ್ತೀನಿ ಅಂದ್ರೆ ನನ್ನ ಕೈ ಹಿಡ್ಕೊಂಡ್ರು. ಅವನು ಬೆಳಗಿಂದ ಸಂಜೆವರೆಗೂ ಅದನ್ನೇ ನೋಡ್ತಾನೆ, ಮನೆಗೆ ಬಂದ ಮೇಲೂ ಅದೇ ನೋಡ್ಬೇಕಾ, ಬೇಡ ಕಣೇ ಅಂದ್ರು.’

ನೀನು ಸಿಟ್ಟಾಗಿದ್ದೀಯ ಎಂದು ನಾನು ಅಲ್ಲಿ ಆ ದಿನಗಳನ್ನು ಎಣಿಸುತ್ತಿದ್ದೆ.

ತಿಂಗಳು ಬಿಟ್ಟು ಮತ್ತೆ ಬರಲು ಹೇಳಿದ್ದರಂತೆ. ನೀನು ಹೋಗಲಿಲ್ಲ, ಮಾತ್ರೆ ಮುಗಿದ ಮೇಲೆ ಮತ್ತೆ ತರಿಸಲೂ ಇಲ್ಲ. ಅವಳು ಒತ್ತಾಯ ಮಾಡಿದಳಂತೆ. ‘ಅದು ಮತ್ತೆ ಕೆಂಪಾಗಲ್ಲ, ನನ್ನ ತಮ್ಮ ಬರೆದಿದ್ದಾನೆ’ ಅಂದೆಯಂತೆ. ಅದೇನು ಕೆಂಪು ಎಂದು ಅವಳು ನನ್ನನ್ನು ಕೇಳಿದಳು. ಮೇಡಂ ಹೇಳಿದ್ದರಲ್ಲಿ ಮೊದಲ ಮಾತೂ ಇತ್ತು ಅಕ್ಕಾ, ತಡೆದರೆ ತಡೆದ ಹಾಗೆ ಎಂದು. ಅದನ್ನೂ ನಾನು ಬರೆದಿದ್ದೆ. ಆ ನೀರಿನ ಮಾತ್ರೆ ನಿಲ್ಲಿಸದಿದ್ದರೆ ಇನ್ನೂ ಒಂದಷ್ಟು ದಿನ ಸಿಗುತ್ತಿತ್ತು. ಎರಡು ವಾರವಾದರೂ ಸಿಗುತ್ತಿತ್ತು. ಎರಡನೆಯ ಮಾತು ಒಂದನ್ನೇ ನೀನು ಇಟ್ಟುಕೊಂಡೆ.

ಅಂಗಿ ಕುರ್ಚಿಯ ಕೈ ಮೇಲಿತ್ತು. ಭುಜ ಸರಿಯಾಗಿದೆ. ಮೇಲಿನ ಮೂರು ಗುಂಡಿ ಹಾಕಿದ್ದೀಯ. ನೀನು ಬರೆದಿದ್ದ ಉಳಿದ ಆರೂ ಕಾಗದದ ಪೊಟ್ಟಣದಲ್ಲಿ ಹಾಗೇ ಇವೆ. ಇಸ್ತ್ರಿಯವಳು ‘ಕೊಡಿ, ನಾನು ಹಾಕಿಕೊಡ್ತೀನಿ’ ಅಂದಳು. ಕೊಡಲಿಲ್ಲ. ನಾನೂ ಹಾಕಲಿಲ್ಲ.

ಸಂಜೆ ಅವಳು ನನಗೆ ಟೀ ಹಿಡಿದು ಬಂದು ಬಾಗಿಲಲ್ಲಿ ನಿಂತಳು. ಏನಾದರೂ ಸಮಾಧಾನ ಹೇಳಬೇಕು ಅನ್ನಿಸಿರಬೇಕು, ಪಾಪ.

‘ಅಕ್ಕಂಗೆ ನೋವು ಅನ್ನೋದೇ ಇರ್ಲಿಲ್ಲ ಅಣ್ಣಾ. ನಾನು ಟೀ ತಂದಾಗ ಬರೀ ಸುಸ್ತು ಅಂದ್ರು. ಲೋಟ ತೊಳೆದು ಬರೋ ಅಷ್ಟರಲ್ಲಿ ಹೋಗ್ಬಿಟ್ಟಿದ್ರು. ನೋವಿಲ್ಲದೆ ಹೋದ್ರು.’

ಟೀ ಲೋಟವನ್ನು ನನ್ನ ಮುಂದಿಟ್ಟು ನನ್ನ ಮುಖ ನೋಡಿದಳು. ನಾನು ‘ಹೂಂ’ ಅಂದೆ.

ನಿನ್ನ ಗೊಣ್ಣೆ